ಅತ್ತಿಸೊಪ್ಪಿನ ಗುಡ್ಲು

ಹೋದ ವಾರ ಕುಶಾಲನಗರದಲ್ಲಿ ನನ್ನ ಮೈದುನನ ಮೊಮ್ಮಗಳಿಗೆ ಆರತಿ ಮಾಡಿದರು. ಹುಡುಗಿ ದೊಡ್ಡವಳಾಗಿದ್ದಾಳೆ ಎಂದು ಶಾಮಿಯಾನ ಹಾಕಿಸಿ, ಕುರ್ಚಿ ತರಿಸಿ, ಫೋಟೋದವನನ್ನೂ ಕರೆಸಿದ್ದರು. ಅಷ್ಟೆಲ್ಲ ಇದ್ದರೂ ಹುಡುಗಿಯ ಸೋದರಮಾವ ಎಲ್ಲಿಂದಲೋ ಒಂದು ಹೊರೆ ಅತ್ತಿಸೊಪ್ಪು ತಂದು, ಶಾಸ್ತ್ರಕ್ಕೆ ಇರಲಿ ಎಂದು ಅವಳು ಕೂತಿದ್ದ ಕುರ್ಚಿಯ ಹಿಂದೆ ನಿಲ್ಲಿಸಿದ. ಕಡಿದ ತುದಿಯಲ್ಲಿ ಹಾಲು ಒಸರುತ್ತಿತ್ತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಲಿದ್ದ ಅಕ್ಷತೆಯನ್ನು ಅಲ್ಲೇ ಇಟ್ಟು ಎದ್ದು ಹೊರಗೆ ಬಂದೆ. ಸೊಸೆ ಹಿಂದೆಯೇ ಓಡಿ ಬಂದು ತಲೆ ಸುತ್ತಿತಾ ಅತ್ತೆ ಎಂದು ಕೇಳಿದಳು. ತಲೆ ಸುತ್ತಲಿಲ್ಲ, ಸಿಟ್ಟು ಬಂತು ಎಂದರೆ ಅವಳಿಗೇನು ಅರ್ಥವಾಗಬೇಕು. ಬಿಸಿಲು ಎಂದು ಸುಳ್ಳು ಹೇಳಿ ಒಂದು ಲೋಟ ನೀರು ಕುಡಿದೆ.

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಬೇಗ ಬರುವುದು ನಿಜ, ಬೇಗ ಹೋಗುವುದಿಲ್ಲ ಎನ್ನುವುದು ಅವರಿಗೆ ಪೂರ್ತಿ ಗೊತ್ತಿಲ್ಲ. ಈಗ ಹೇಳುತ್ತಿರುವ ಸಿಟ್ಟಿಗೆ ನನ್ನ ಮಕ್ಕಳಿಗಿಂತ ಹೆಚ್ಚು ವಯಸ್ಸಾಗಿದೆ.

ಆಗ ಕೊಡಗಿನಲ್ಲಿ ಬಿಳಿ ದೊರೆಗಳ ಕಾಲ. ನನ್ನ ತವರು ಶಿರಂಗಾಲ. ಕೊಡಗು ಎಂದರೆ ಬರೀ ಕಾಡು, ಬೆಟ್ಟ, ಕಾಫಿ ಎಂದುಕೊಂಡು ಬಂದವರು ನಮ್ಮೂರು ನೋಡಿ ಪೆಚ್ಚಾಗುತ್ತಿದ್ದರು. ನಮ್ಮದು ರಾಗಿ, ಹುರುಳಿ ಬೆಳೆಯುವ ಊರು. ಹರಿಗೋಲು ಹತ್ತಿ ಹೊಳೆ ದಾಟಿದರೆ ಮೈಸೂರು ಸೀಮೆ. ಅಪ್ಪ ನಾನು ಅಂಬೆಗಾಲಿಡುವಾಗಲೇ ಹೋಗಿದ್ದ. ಅವ್ವ, ಅಕ್ಕ ಗಂಗೆ, ಚೆನ್ನಿ ಎಂಬ ನಾನು, ಹೊಳೆಯಂಚಿಗೆ ಒಂದು ಹೊಲ, ಇಷ್ಟೇ ನಮ್ಮ ಸಂಸಾರ. ಹೊಲ ಉಳಲು, ಬಿತ್ತಲು, ಊರವರ ಮುಂದೆ ನಮ್ಮ ಪರವಾಗಿ ನಿಲ್ಲಲು ಇದ್ದ ಒಂದೇ ಗಂಡು ದಿಕ್ಕು ಅವ್ವನ ತಮ್ಮ ಸಿದ್ದಪ್ಪ ಮಾವ.

ಮಾವ ತಿತಿಮತಿ ಕಡೆಯ ಒಂದು ಕಾಫಿ ಎಸ್ಟೇಟಿಗೆ ಮೇಸ್ತ್ರಿ. ಪಿಕಿಂಗ್, ಎಂದರೆ ಕಾಫಿ ಹಣ್ಣಿನ ಕೊಯ್ಲು, ಶುರುವಾಗುವ ಮೊದಲು ನಮ್ಮ ಸುತ್ತಿನ ಊರುಗಳಿಂದ ಆಳುಗಳನ್ನು ಒಟ್ಟುಮಾಡಿ ಕರೆದುಕೊಂಡು ಹೋಗುವುದು, ಪಿಕಿಂಗ್ ಮುಗಿಯುವ ತನಕ ಒಬ್ಬರೂ ಜಾರಿಕೊಳ್ಳದ ಹಾಗೆ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಇಟ್ಟುಕೊಳ್ಳುವುದು ಅವನ ಕೆಲಸ. ದೊರೆ ಕೊಟ್ಟಿದ್ದ ಹಳೇ ಕೋಟು ಹಾಕಿ, ಕೊಡೆ ಬಗಲಿಗಿಟ್ಟು ಅವನು ಬೀದಿಯಲ್ಲಿ ಬಂದರೆ ಜಗಲಿಯ ಮೇಲಿದ್ದವರು ಎದ್ದು ಜಾಗ ಬಿಡುತ್ತಿದ್ದರು. ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ. ನಗಿಸುತ್ತಿದ್ದ, ಬರುವಾಗ ಕಿತ್ತಳೆ ಹಣ್ಣು ತರುತ್ತಿದ್ದ, ನನ್ನ ಜಡೆ ಎಳೆದು ಓಡಿಸುತ್ತಿದ್ದ. ಅದಕ್ಕೇ ನನಗೆ ಇನ್ನೂ ಉರಿ. ಕೆಟ್ಟವನ ಹಾಗೆ ಕಂಡಿದ್ದರೆ ಅಕ್ಕನನ್ನು ಅವನಿಗೆ ಕೊಡುತ್ತಲೇ ಇರಲಿಲ್ಲ.

ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಗಂಗಕ್ಕನ ಕೈಹಿಡಿದ ಮಾವ ಅವಳನ್ನೂ ಎಸ್ಟೇಟಿಗೆ ಕರೆದುಕೊಂಡು ಹೋದ. ಮುಂದಿನ ವರ್ಷ ಅವಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅವ್ವ ಬಾಣಂತಿ ಖಾರಕ್ಕೆ ಮೆಣಸು, ಶುಂಠಿ ಒಣಗಿಸಿ ಇಟ್ಟಳು. ಹಳೇ ಸೀರೆಗಳನ್ನು ಜೋಡಿಸಿ ಕೂಸಿಗೆ ಕೌದಿ ಹೊಲಿದಳು. ಹೋಗಿ ಬರುವವರ ಬಾಯಲ್ಲಿ ಕಳಿಸಪ್ಪಾ, ಕಳಿಸಪ್ಪಾ ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಅಕ್ಕ ಬರಲಿಲ್ಲ. ಪಿಕಿಂಗ್ ಮುಗಿಯುವ ಹೊತ್ತಿಗೆ ಮಾವ ಒಬ್ಬನೇ ಬಂದು ನಡುಮನೆಯಲ್ಲಿ ಕುಸಿದು ಕೂತು, ಚಳಿಜ್ವರ ಬಂತು, ದಿನ ತುಂಬುವ ಮೊದಲೇ ನೋವೂ ಬಂತು, ತಾಯಿ ಮಗು ಇಬ್ಬರೂ ಉಳಿಯಲಿಲ್ಲ, ಅಲ್ಲೇ ಮಣ್ಣು ಮಾಡಿದೆವು ಎಂದ. ಊರಿಗೆ ಕರೆತರಲು ಗಾಡಿ ಕಟ್ಟಿ ನಿಲ್ಲಿಸಿದ್ದೆ, ಹತ್ತಿಸುವಷ್ಟರಲ್ಲಿ ಎಲ್ಲಾ ಮುಗಿದುಹೋಯಿತು ಎಂದು ಗೋಳೋ ಎಂದು ಅತ್ತ. ಅವ್ವ ತನ್ನ ಅಳು ನುಂಗಿಕೊಂಡು ಅವನ ಬೆನ್ನು ಸವರಿದಳು.

ನಾನು ಹೇಳಹೊರಟ ವರ್ಷ ಅದರ ಮರುವರ್ಷ. ಮುಂಗಾರು ಹಿಡಿದು ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ನನಗೆ ಹೊಟ್ಟೆ ಹಿಂಡಿದಂತಾಯಿತು. ಕಾಲಿಗೆ ಹರಿದದ್ದನ್ನು ನೋಡಿ ಏನೆಂದು ಗೊತ್ತಾಯಿತು, ಅಕ್ಕನದನ್ನು ನೋಡಿದ್ದೆನಲ್ಲ. ನಾಚಿಕೆಗಿಂತ ಮೊದಲು ಹೆದರಿಕೆ ಬಂತು. ಏಕೆಂದರೆ ಆ ಹೊತ್ತಿಗಾಗಲೇ ಮಾವ ನಮ್ಮ ಜಗಲಿಯ ಮೇಲೆ ಕೂತು, ಚೆನ್ನಿ ದೊಡ್ಡವಳಾಗಲಿ, ಗಂಗೆಯ ಜಾಗಕ್ಕೆ ಅವಳೇ ಬರಲಿ, ಈ ಸಲದ ಪಿಕಿಂಗಿಗೆ ಹೋಗುವುದರೊಳಗೆ ಮದುವೆ ಆಗಿಹೋಗಲಿ ಎಂದು ಅವ್ವನ ಹತ್ತಿರ ಮಾತಾಡಿ ಮುಗಿಸಿದ್ದ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವನು ನೇಗಿಲು ಕಟ್ಟದಿದ್ದರೆ ನಮ್ಮ ಹೊಲ ಬೀಳು ಬೀಳುತ್ತಿತ್ತು.

ಹಾಗಾಗಿ ನಾನು ಯಾರಿಗೂ ಹೇಳಲಿಲ್ಲ. ಬೆಳಗಾಗುವ ಮುಂಚೆ ನೀರಿಗೆ ಹೋಗುವ ನೆಪದಲ್ಲಿ ಹೊಳೆಯ ಕೆಳಗಿನ ಕಡವಿಗೆ ಹೋಗಿ ಬಟ್ಟೆ ಒಗೆದು, ಲಂಟಾನದ ಪೊದೆಯ ಒಳಗೆ ಒಣಹಾಕುತ್ತಿದ್ದೆ. ಅದೇ ನೀರಿನಲ್ಲಿ ಹೆಂಗಸರೆಲ್ಲ ಬಿಂದಿಗೆ ತುಂಬುವಾಗ ನಾನು ಬಾಯಿ ಹೊಲಿದುಕೊಂಡು ನಿಲ್ಲುತ್ತಿದ್ದೆ. ಅವ್ವ ಒಂದೊಂದು ಸಲ ನನ್ನನ್ನು ದಿಟ್ಟಿಸಿ ನೋಡುತ್ತಿದ್ದಳು. ಗೊತ್ತಿದ್ದೂ ಸುಮ್ಮನಿದ್ದಳೋ ಏನೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ರಾಗಿ ತೆನೆ ಬಿಡುವ ತನಕ ಹೀಗೇ ನಡೆಯಿತು.

ತೆನೆ ಕೊಯ್ಯುವ ಕಾಲಕ್ಕೆ ತಾಯಮ್ಮ ನಮ್ಮ ಹೊಲಕ್ಕೆ ಕೂಲಿಗೆ ಬಂದಳು. ಹಿಂದಿನ ವರ್ಷ ಮಾವನ ಆಳುಗಳ ಜೊತೆ ಎಸ್ಟೇಟಿಗೆ ಹೋಗಿದ್ದವಳು, ಲೈನಿನಲ್ಲಿ ಅಕ್ಕನ ಪಕ್ಕದ ಕೋಣೆಯಲ್ಲೇ ಇದ್ದವಳು. ಚಳಿಜ್ವರಕ್ಕೆ ಹೊಟ್ಟೆಯಲ್ಲಿ ಜ್ವರಗೆಡ್ಡೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು, ಈಗ ತಾನೇ ಎದ್ದು ಓಡಾಡುತ್ತಿದ್ದಳು. ಮಧ್ಯಾಹ್ನ ಬದುವಿನ ಮೇಲೆ ಮುದ್ದೆ ಮುರಿಯುತ್ತ ನಾನು ಬಾಯಿ ತಡೆಯದೆ, ಅಕ್ಕನನ್ನು ಗಾಡಿ ಹತ್ತಿಸುವ ಹೊತ್ತಿಗೆ ನೀನು ಅಲ್ಲೇ ಇದ್ದೆಯಾ ಎಂದು ಕೇಳಿದೆ. ತಾಯಮ್ಮ ಕೈಲಿದ್ದ ತುತ್ತನ್ನು ಮತ್ತೆ ಗಂಗಳಕ್ಕೆ ಹಾಕಿದಳು.

"ಯಾವ ಗಾಡಿನೇ? ಗಾಡಿ ಬರ್ಲೇ ಇಲ್ಲ ಕಣವ್ವ. ಗಂಟು ಕಟ್ಟಿ ಇಟ್ಕಂಡಿದ್ಲು ನಿಮ್ಮಕ್ಕ. ದಿನಾ ಬಾಗ್ಲಲ್ಲಿ ಕೂತು, ಇವತ್ತು ಕಳಿಸ್ತಾರೆ ಕಣೇ ತಾಯಮ್ಮ ಅನ್ನೋಳು."

ಉಳಿದದ್ದನ್ನೂ ಅವಳು ಹೇಳಿದಳು. ಆ ವರ್ಷ ಲೈನಿನಲ್ಲಿ ಜ್ವರ ಹೆಚ್ಚಾಗಿ ಹೆಂಗಸರೆಲ್ಲ ಊರಿಗೆ ಬಿಡು ಎಂದು ಗಲಾಟೆ ಎಬ್ಬಿಸಿದ್ದರಂತೆ. ಮೇಸ್ತ್ರಿಯ ಹೆಂಡತಿಯೇ, ಅದೂ ತುಂಬಿದ ಬಸುರಿಯೇ ಇಲ್ಲಿರುವಾಗ ನಿಮಗೇನು ದೊಡ್ಡ ರೋಗ ಎಂದು ಮಾವ ಅವರ ಬಾಯಿ ಮುಚ್ಚಿಸುತ್ತಿದ್ದನಂತೆ. ಅವಳನ್ನು ಕಳಿಸಿದರೆ ಮರುದಿನವೇ ಲೈನು ಖಾಲಿಯಾಗುತ್ತಿತ್ತು, ದೊರೆಯ ಮುಂದೆ ಅವನ ಮುಖ ಉಳಿಯುತ್ತಿರಲಿಲ್ಲ. ಅಷ್ಟಕ್ಕೇ ಅಕ್ಕನನ್ನು ಗೂಟಕ್ಕೆ ಕಟ್ಟಿದ ದನದಂತೆ ಅಲ್ಲಿ ಇಟ್ಟುಕೊಂಡ. ಕೊನೆಯ ದಿನ ನೋವು ತಿನ್ನುವಾಗಲೂ ಅವಳು ಅವ್ವಾ ಅನ್ನಲಿಲ್ಲವಂತೆ, ಗಾಡಿ ಬಂತಾ ಎಂದು ಕೇಳುತ್ತಿದ್ದಳಂತೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ ತಾಯಮ್ಮ, ನಮ್ಮೂರ ಹೆಂಗಸರಿಗೆ ಅರ್ಧಕ್ಕರ್ಧ ಗೊತ್ತು, ಮೇಸ್ತ್ರಿಯ ಎದುರು ಹಾಕಿಕೊಳ್ಳುವವರು ಯಾರು ಎಂದಳು.

ಆ ಮಧ್ಯಾಹ್ನ ನಾನು ಕುಡುಗೋಲು ಕೆಳಗಿಡದೆ ತೆನೆ ಕೊಯ್ದೆ. ಎದುರಿಗೆ ಮಾವ ಬಂದಿದ್ದರೆ ಏನು ಮಾಡುತ್ತಿದ್ದೆನೋ. ಅವನು ಬರಲಿಲ್ಲ, ಅದು ಅವನ ಪುಣ್ಯವೋ ನನ್ನ ಪುಣ್ಯವೋ. ಸಂಜೆಯ ಹೊತ್ತಿಗೆ ತಲೆ ತಣ್ಣಗಾಯಿತು. ಅವನನ್ನು ಹೊಡೆಯಲು ನನ್ನಲ್ಲಿ ಶಕ್ತಿಯಿಲ್ಲ, ಹೇಳಿದರೆ ನಂಬುವವರಿಲ್ಲ, ನಂಬುವವರು ಬಾಯಿ ಬಿಡುವುದಿಲ್ಲ. ಆದರೆ ಅವನು ಇಡೀ ಊರಿನ ಮುಂದೆ ನನ್ನನ್ನು ಕೇಳಲೇಬೇಕಾದ ಒಂದು ಗಳಿಗೆ ಇತ್ತು. ಅದು ನೆನಪಾದ ಮೇಲೆ ನಾನು ಕಾದೆ. ಮುಂದಿನ ಸಲ ಬಟ್ಟೆಯನ್ನು ಹೊಳೆಗೆ ಒಯ್ಯಲಿಲ್ಲ. ನೇರ ಅವ್ವನ ಮುಂದೆ ಹೋಗಿ ನಿಂತೆ. ಅವ್ವ ನನ್ನ ತಲೆ ಮೇಲೆ ಕೈಯಿಟ್ಟು, ಇಷ್ಟು ಬೇಗ ಯಾಕಾಯಿತೇ ಎಂದು ಅತ್ತಳು.

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಸೋದರಮಾವ ಹಾಲು ಬರುವ ಮರದ ಸೊಪ್ಪು ತಂದು ಅಂಗಳದಲ್ಲಿ ಗುಡ್ಲು ಕಟ್ಟಬೇಕು. ಅತ್ತಿಯೋ ಹಲಸೋ ಆದೀತು. ಹುಡುಗಿ ಅದರೊಳಗೆ ಕೂರಬೇಕು. ದಿನಾ ಸಂಜೆ ಹೆಂಗಸರು ಬಂದು ಸೋಬಾನೆ ಹೇಳಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿ, ಆರತಿ ಎತ್ತುತ್ತಾರೆ. ಕೊನೆಯ ದಿನ ಮಾವ ಗುಡ್ಲಿನ ಬಾಗಿಲ ಸೊಪ್ಪು ಸರಿಸಿ, ಏನು ಬೇಕು ಕೇಳು ಎನ್ನಬೇಕು. ಹುಡುಗಿಯರು ಸೀರೆ ಕೇಳುತ್ತಾರೆ, ಬಳೆ ಕೇಳುತ್ತಾರೆ, ಜಂಬದವರು ಕರು ಕೇಳುತ್ತಾರೆ. ಅವನು ಆಗಲಿ ಎಂದ ಮೇಲೆಯೇ ಅವಳು ಈಚೆ ಬರುವುದು. ಕೊಡುವ ತನಕ ಗುಡ್ಲು ಬಿಚ್ಚುವಂತಿಲ್ಲ, ಕಟ್ಟಿದ ಕೈಯೇ ಬಿಚ್ಚಬೇಕು. ಗುಡ್ಲು ನಿಂತಿರುವ ಮನೆಯಲ್ಲಿ ಮದುವೆಯ ಮಾತು ಎತ್ತುವಂತಿಲ್ಲ.

ಮಾವನಿಗೆ ಹಿಗ್ಗೋ ಹಿಗ್ಗು. ಆಳು ಕಳಿಸಿ ನಾಲ್ಕು ಕೊಂಬೆ ತರಿಸಿ ಮೂಲೆಯಲ್ಲಿ ಸಣ್ಣದಾಗಿ ಕಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಕೋಟು ಕಳಚಿ ತಾನೇ ಮರ ಹತ್ತಿದ. ಅಂಗಳದ ನಟ್ಟನಡುವೆ, ಹೊಳೆಗೆ ಹೋಗುವ ದಾರಿಗೆ ಮುಖವಾಗಿ, ಊರು ನೋಡಲಿ ಎಂದು ದೊಡ್ಡ ಗುಡ್ಲನ್ನೇ ಕಟ್ಟಿದ. ಕೈಗೆ ಮೆತ್ತಿದ ಹಾಲಂಟನ್ನು ಪಂಚೆಗೆ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ. ಆ ನಗು ನಗಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಕೊನೆಯ ದಿನ ಬೆಳಿಗ್ಗೆ ಅಂಗಳ ತುಂಬ ಜನ. ಪಟೇಲರ ತಾಯಿಯೇ ಬಂದು ಮಣೆಯ ಮೇಲೆ ಕೂತಿದ್ದರು. ಆ ಅಜ್ಜಿಯ ಮಾತಿಗೆ ಪಟೇಲರೂ ಎದುರಾಡುತ್ತಿರಲಿಲ್ಲ. ಆ ಸಲದ ಪಿಕಿಂಗಿಗೆ ಹೊರಡಲಿದ್ದ ಗಂಡಸರು, ಹೆಂಗಸರು ಎಲ್ಲರನ್ನೂ ಮಾವನೇ ಊಟಕ್ಕೆ ಕರೆದಿದ್ದ. ಬಾಗಿಲ ಕೊಂಬೆ ಸರಿಸಿ ಎಲ್ಲರಿಗೂ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದ.

"ಏನ್ ಬೇಕು ಕೇಳವ್ವ ಚೆನ್ನಿ. ಏನ್ ಕೇಳಿದ್ರೂ ನಿಮ್ಮಾವ ಇಲ್ಲ ಅನ್ನಲ್ಲ."

"ಗಂಗಕ್ಕನ್ನ ಹೆರಿಗೆಗೆ ಮನೆಗೆ ಕರ್ಕಂಡು ಬಾ ಮಾವ."

ಹಿಂದೆ ನಿಂತಿದ್ದ ಒಬ್ಬಿಬ್ಬರು ಸರಿಯಾಗಿ ಕೇಳಿಸದೆ ನಕ್ಕರು. ಮುಂದಿದ್ದವರು ನಗಲಿಲ್ಲ. ಮಾವನ ಮುಖದ ಬಣ್ಣ ಇಳಿಯಿತು. ಹುಡುಗುಬುದ್ಧಿ ಎಂದು ತೇಲಿಸಲು ನೋಡಿದ, ಸತ್ತವಳನ್ನು ಎಲ್ಲಿಂದ ತರಲಿ, ಒಳ್ಳೇ ರೇಷ್ಮೆ ಸೀರೆ ಕೊಡಿಸುತ್ತೇನೆ ಬಾ ಎಂದ. ನಾನು ಕೂತಲ್ಲಿಂದ ಏಳಲಿಲ್ಲ.

"ಗಾಡಿ ಕಟ್ಟಿದ್ದೆ ಅಂದ್ಯಲ್ಲ ಮಾವ, ಅದೇ ಗಾಡೀಲಿ ಕರ್ಕಂಡು ಬಾ. ಅವ್ಳು ಬಂದ್ಮೇಲೆ ನಾನೂ ಬತ್ತೀನಿ."

ಅವ್ವ ಓಡಿ ಬಂದು, ಮಾನ ಕಳೆಯಬೇಡವೇ, ಎದ್ದು ಬಾರೇ ಎಂದು ಬಗ್ಗಿ ಬೇಡಿಕೊಂಡಳು. ನಾನು ಅವಳ ಕಣ್ಣನ್ನೇ ನೋಡಿದೆ. ಗಾಡಿ ಬಂದೇ ಇರಲಿಲ್ಲ ಅವ್ವ, ತಾಯಮ್ಮನನ್ನು ಕೇಳು ಎಂದೆ. ಅವ್ವ ತಿರುಗಿ ಜನರ ನಡುವೆ ತಾಯಮ್ಮನನ್ನು ಹುಡುಕಿದಳು. ತಾಯಮ್ಮ ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಗಾಡಿ ಬರಲಿಲ್ಲ ಎಂಬಂತೆ ಕತ್ತು ಆಡಿಸಿದಳು. ಅವ್ವ ನನ್ನನ್ನು ಕರೆಯುವುದು ಬಿಟ್ಟು ಒಳಗೆ ಹೋದಳು. ಊಟಕ್ಕೆ ಎಲೆ ಹಾಕಿದ್ದರೂ ಜನ ಒಬ್ಬೊಬ್ಬರಾಗಿ ಕರಗಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಮೈ ಬೆಚ್ಚಗಾಗುತ್ತದೆ. ನಾನು ಗುಡ್ಲು ಬಿಟ್ಟು ಬರಲಿಲ್ಲ. ಅವ್ವ ಅಲ್ಲಿಗೇ ಅನ್ನ ತಂದು ಕೊಡುತ್ತಿದ್ದಳು. ಮಾಗಿಯ ಚಳಿ ಶುರುವಾಗಿತ್ತು, ಕಂಬಳಿ ಸಾಲುತ್ತಿರಲಿಲ್ಲ. ಸೊಪ್ಪು ಬಾಡಿತು, ಮುದುರಿತು, ಕಂದಿತು, ಗಾಳಿ ಬೀಸಿದರೆ ಚರಚರ ಎನ್ನತೊಡಗಿತು. ಮಾವ ನನ್ನನ್ನು ಮುಚ್ಚಿಡಲು ಕಟ್ಟಿದ್ದೆಲ್ಲ ಒಣಗಿ ಸಂದಾದ ಮೇಲೆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ನನಗೆ ಕಾಣುತ್ತಿದ್ದರು, ನಾನು ಅವರಿಗೆ ಕಾಣುತ್ತಿದ್ದೆ. ಹೊಳೆಗೆ ಹೋಗುವ ಹೆಂಗಸರು ಮೊದಮೊದಲು ತಲೆ ತಗ್ಗಿಸಿ ಹೋದರು. ಆಮೇಲೆ ನಿಂತರು. ಆಮೇಲೆ ಮಾವ ಎದುರಾದಾಗ, ಕರ್ಕಂಡು ಬಂದ್ಯಾ ಸಿದ್ದಪ್ಪ ಎಂದು ಒಬ್ಬಳು ಕೇಳಿಯೇಬಿಟ್ಟಳು. ಅಷ್ಟೇ ಸಾಕಾಯಿತು. ಹರಿಗೋಲಿನಲ್ಲಿ, ಕಣದಲ್ಲಿ, ಬಾವಿಕಟ್ಟೆಯಲ್ಲಿ ಅವನು ಕಂಡಲ್ಲೆಲ್ಲ ಅದೇ ಮಾತು. ಅವನಿಗೆ ಜಾಗ ಬಿಡುತ್ತಿದ್ದವರು ಈಗ ಕೂತಲ್ಲೇ ಕೂತು ಕೇಳುತ್ತಿದ್ದರು. ಇದು ನನ್ನ ಕಿವಿಗೆ ಬಿದ್ದ ದಿನ ನಾನು ಅವ್ವ ತಂದ ಅನ್ನವನ್ನು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಪೆಟ್ಟು ಬಿದ್ದದ್ದು ಪಿಕಿಂಗಿಗೆ ಹೊರಡುವ ದಿನ ಹತ್ತಿರವಾದಾಗ. ಬರುತ್ತೇವೆ ಎಂದಿದ್ದ ಹೆಂಗಸರು ಒಬ್ಬರ ಹಿಂದೆ ಒಬ್ಬರು ನಾವು ಬರುವುದಿಲ್ಲ ಎಂದರು. ಕೈಹಿಡಿದ ಹೆಂಡತಿಯನ್ನೇ ಹೆರಿಗೆಗೆ ಕಳಿಸದವನು ನಮಗೆ ಜ್ವರ ಬಂದರೆ ಬಿಡುತ್ತಾನಾ ಎಂದು ಅವರ ಗಂಡಂದಿರೂ ಕೇಳಿದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಳು ಎಲ್ಲಿ ಎಂದು ಹೇಳಿ ಕಳಿಸಿದರು. ಆಳಿಲ್ಲದ ಮೇಸ್ತ್ರಿಗೆ ಯಾವ ದೊರೆ ಕೋಟು ಕೊಟ್ಟಾನು? ಮಾವ ಪಟೇಲರ ತಾಯಿಯ ಹತ್ತಿರ ಹೋಗಿ, ನೀವಾದರೂ ಹುಡುಗಿಗೆ ಬುದ್ಧಿ ಹೇಳಿ ಎಂದು ಕೈಮುಗಿದನಂತೆ. ಅಜ್ಜಿ, ಅವಳು ಕೇಳಿದ್ದನ್ನು ಕೊಡಲು ನಿನ್ನ ಕೈಲಿ ಆಗುವುದಿಲ್ಲ, ನಡೆದದ್ದನ್ನಾದರೂ ನಾಲ್ಕು ಜನರ ಮುಂದೆ ಹೇಳಿ ಗುಡ್ಲು ಬಿಚ್ಚು ಎಂದರಂತೆ. ಅಲ್ಲಿಂದ ಅವನು ಸೀದಾ ಅವ್ವನ ಹತ್ತಿರ ಬಂದ. ನಿನ್ನ ಮಗಳು ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾಳೆ, ನಾಳೆಯಿಂದ ನಿನ್ನ ಹೊಲಕ್ಕೆ ನೇಗಿಲು ಕಟ್ಟುವವರು ಯಾರು ನೋಡುತ್ತೇನೆ ಎಂದು ಕೂಗಾಡಿದ. ಅವ್ವ ಒನಕೆ ಕೆಳಗಿಟ್ಟದ್ದು ನನಗೆ ಗುಡ್ಲಿನಿಂದ ಕಂಡಿತು.

"ಹೊಲ ಬೀಳು ಬಿದ್ರೆ ಬೀಳ್ಲಿ ಸಿದ್ದ. ನೀ ಹೇಳ್ಬೇಕಾದ್ದು ಹೇಳು."

ಅವ್ವ ಅವನನ್ನು ಅಪ್ಪಾ, ತಮ್ಮಾ ಎನ್ನದೆ ಬರೀ ಹೆಸರಿನಿಂದ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವನು ಬಂದ. ಕೋಟು ಇರಲಿಲ್ಲ. ಜನರನ್ನು ಯಾರೂ ಕರೆದಿರಲಿಲ್ಲ, ಆದರೂ ಅಂಗಳ ತುಂಬಿತ್ತು. ಒಣಗಿದ ಕೊಂಬೆಗೆ ಕೈ ಹಾಕಿದಾಗ ಎಲೆ ಪುಡಿಪುಡಿಯಾಗಿ ಅವನ ಕಾಲ ಮೇಲೆ ಉದುರಿತು. ತಲೆ ತಗ್ಗಿಸಿ ಏನೋ ಗೊಣಗಿದ. ಪಟೇಲರ ತಾಯಿ, ಕೇಳುತ್ತಿಲ್ಲ ಎಂದರು.

"ಗಾಡಿ ಕಟ್ಟಿರ್ಲಿಲ್ಲ. ಕಳಿಸು ಅಂತ ಕೇಳ್ತಾನೇ ಇದ್ಲು. ನಾನೇ ಕಳಿಸ್ಲಿಲ್ಲ."

ಯಾರೂ ಅವನ ಬೆನ್ನು ಸವರಲಿಲ್ಲ. ನಾನು ಎದ್ದೆ. ಕೂತು ಕೂತು ಕಾಲು ಮರಗಟ್ಟಿತ್ತು, ಆದರೂ ಅವನು ಚಾಚಿದ ಕೈಯನ್ನು ಹಿಡಿಯಲಿಲ್ಲ. ಈಚೆ ಬಂದವಳು ಮಾವನ ಕಾಲು ಮುಟ್ಟಬೇಕೆಂಬ ಶಾಸ್ತ್ರವೂ ಇತ್ತು. ಅವನನ್ನು ಬಳಸಿಕೊಂಡು ಹೋಗಿ ಪಟೇಲರ ತಾಯಿಯ ಕಾಲು ಮುಟ್ಟಿದೆ. ಹಿಂದೆ ಅವನು ಒಬ್ಬನೇ ಗುಡ್ಲು ಬಿಚ್ಚುವ ಸದ್ದು ಕೇಳುತ್ತಿತ್ತು. ಸಹಾಯಕ್ಕೆ ಒಬ್ಬರೂ ಕೈಹಾಕಲಿಲ್ಲ. ಇಷ್ಟು ಹೇಳಿದ ಮೇಲೂ ಆ ವರ್ಷ ನಮ್ಮೂರಿನ ಒಬ್ಬ ಹೆಂಗಸೂ ಅವನ ಜೊತೆ ಹೋಗಲಿಲ್ಲ. ಎಸ್ಟೇಟಿನವರು ಬೇರೆ ಮೇಸ್ತ್ರಿಯನ್ನು ಹಿಡಿದರು. ಮಾವ ಹೊಳೆ ದಾಟಿ ಮೈಸೂರು ಸೀಮೆಗೆ ಹೋದ, ಯಾರದೋ ಮನೆಯಲ್ಲಿ ಜೀತಕ್ಕಿದ್ದಾನೆ ಎಂದು ಒಮ್ಮೆ ಸುದ್ದಿ ಬಂತು. ಅವನ ಸಾವಿನ ಸುದ್ದಿ ಬಂದ ದಿನ ನಾನು ಹಬ್ಬದ ಅಡುಗೆ ಮಾಡಲಿಲ್ಲ, ಅಷ್ಟು ಮರ್ಯಾದೆ ಕೊಟ್ಟೆ. ನಮ್ಮ ಹೊಲ ಒಂದು ವರ್ಷ ಬೀಳು ಬಿತ್ತು. ಮರುವರ್ಷ ಅವ್ವ ಅದನ್ನು ಬೆಳೆಯಲ್ಲಿ ಪಾಲು ಕೊಡುವ ವಾರಕ್ಕೆ ಕೊಟ್ಟಳು, ಬಂದದ್ದರಲ್ಲಿ ನಾವಿಬ್ಬರೂ ಉಂಡೆವು.

ಆದರೆ ನನಗೆ ಮುಖ್ಯವಾದದ್ದು ಆ ಬೆಳಿಗ್ಗೆ ಬಚ್ಚಲಿನಲ್ಲಿ ನಡೆದದ್ದು. ಅವ್ವ ನನ್ನನ್ನು ಕೂರಿಸಿ ಎಣ್ಣೆ ತಿಕ್ಕಿ, ತಲೆಯಲ್ಲಿ ಸಿಕ್ಕಿಕೊಂಡಿದ್ದ ಎಲೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಬಿಸಿನೀರು ಹೊಯ್ಯುತ್ತ ಮೆಲ್ಲಗೆ ಕೇಳಿದಳು.

"ಈಗ ಸಮಾಧಾನ ಆಯ್ತೇನೇ?"

"ಇಲ್ಲ" ಎಂದೆ.

ಅವ್ವ ಹಂಡೆಯಿಂದ ಇನ್ನೊಂದು ತಂಬಿಗೆ ಮೊಗೆದಳು.

"ನಂಗೂ ಇಲ್ಲ" ಎಂದು ನನ್ನ ತಲೆಯ ಮೇಲೆ ಹೊಯ್ದಳು.